ಮೀನಿನ ಚರ್ಮದ ತ್ಯಾಜ್ಯದಿಂದ ಕಾಲಜನ್: ಕರಾವಳಿಯ ಗ್ರಾಮ ಪಂಚಾಯತಿಗಳಿಗೆ ಒಂದು ಅಧ್ಯಯನ ಪಾಠ

ಕರಾವಳಿಯ ಗ್ರಾಮ ಪಂಚಾಯತಿಗಳ ಘನತ್ಯಾಜ್ಯ ನಿರ್ವಹಣೆಯು ಇಂದು ಬಹುಮಟ್ಟಿಗೆ ಒಣಕಸದ ಸುತ್ತಲೇ ರೂಪುಗೊಂಡಿದೆ. ಸ್ವಚ್ಛ ವಾಹಿನಿಯು ಮನೆಮನೆಗೆ ತೆರಳಿ ಪ್ಲಾಸ್ಟಿಕ್, ಕಾಗದ, ಗಾಜು, ಲೋಹಗಳನ್ನು ಸಂಗ್ರಹಿಸುತ್ತದೆ. ಸ್ವಸಹಾಯ ಸಂಘದ ಮಹಿಳೆಯರು ಅವನ್ನು ವಿಂಗಡಿಸಿ ಮಾರುತ್ತಾರೆ. ಆದರೆ ಮೀನು ಮಾರುಕಟ್ಟೆಯ ಕಟ್ಟೆಯ ಕೆಳಗೆ ದಿನವೂ ಸೇರುವ ತಲೆ, ಕರುಳು, ರೆಕ್ಕೆ, ಮುಳ್ಳು, ಚರ್ಮಗಳ ರಾಶಿಗೆ ಈ ವ್ಯವಸ್ಥೆಯಲ್ಲಿ ಸ್ಥಾನವಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಚೀಲದಲ್ಲಿ ಕಟ್ಟಲ್ಪಟ್ಟು ಹೊಳೆಯ ದಂಡೆಗೋ ಅಳಿವೆಯ ಅಂಚಿಗೋ ನಿರ್ಜನ ರಸ್ತೆಯ ತಿರುವಿಗೋ ಸೇರುತ್ತದೆ. ಹದ್ದು, ಕಾಗೆ, ನಾಯಿಗಳ ಪಾಲಾಗದೆ ಉಳಿದದ್ದು ಮಳೆಗಾಲದಲ್ಲಿ ಬಾವಿಯ ನೀರಿನವರೆಗೂ ಬರುತ್ತದೆ. ಗ್ರಾಮಸಭೆಗಳಲ್ಲಿ ಇದರ ಬಗ್ಗೆ ಬರುವ ದೂರುಗಳು ಎಲ್ಲ ಕಾರ್ಯದರ್ಶಿಗಳಿಗೂ ಪರಿಚಿತವಾದವೇ.

ಇತ್ತೀಚಿನ ವರ್ಷಗಳಲ್ಲಿ ಇದೇ ರಾಶಿಯ ಒಂದು ಭಾಗದ ಬಗ್ಗೆ, ಅಂದರೆ ಮೀನಿನ ಚರ್ಮದ ಬಗ್ಗೆ, ಬೇರೊಂದು ಮಾತು ಕೇಳಿಬರುತ್ತಿದೆ. ಅದರಲ್ಲಿ ಕಾಲಜನ್ ಇದೆ, ಕಾಲಜನ್‌ಗೆ ಔಷಧಿ ಅಂಗಡಿಯಲ್ಲಿಯೂ ಸೌಂದರ್ಯವರ್ಧಕಗಳ ಮಾರುಕಟ್ಟೆಯಲ್ಲಿಯೂ ದೊಡ್ಡ ಬೆಲೆ ಇದೆ, ಆದ್ದರಿಂದ ಪಂಚಾಯತಿಯು ಒಂದು ಘಟಕ ಹಾಕಿದರೆ ಕಸವೇ ಕಾಸಾಗುತ್ತದೆ ಎಂಬುದು ಆ ಮಾತಿನ ಸಾರ. ಇದರಲ್ಲಿ ಮೊದಲಿನ ಎರಡು ವಾಕ್ಯಗಳು ನಿಜ. ಮೂರನೆಯದನ್ನು ಒಪ್ಪುವ ಮೊದಲು ಚರ್ಮದೊಳಗೆ ಏನಿದೆ, ಅದನ್ನು ಹೊರತೆಗೆಯುವುದು ಹೇಗೆ, ಅದಕ್ಕೆ ಎಷ್ಟು ನೀರು, ಎಷ್ಟು ಉಪ್ಪು, ಎಷ್ಟು ತಂಪು ಬೇಕು ಎಂಬುದನ್ನು ತಿಳಿದಿರುವುದು ಅಗತ್ಯ. ಯಂತ್ರದ ದರಪಟ್ಟಿ ಮೇಜಿನ ಮೇಲೆ ಬರುವುದಕ್ಕೆ ಮೊದಲೇ ಈ ಲೆಕ್ಕ ಮುಗಿದಿರಬೇಕು.

ಕಾಲಜನ್ ಎಂಬ ಹಗ್ಗ

ಪ್ರಾಣಿಗಳ ದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಕಾಲಜನ್ ಆಗಿರುತ್ತದೆ. ಚರ್ಮ, ಮೂಳೆ, ಸ್ನಾಯುರಜ್ಜು, ಮೀನಿನ ಹುರುಪೆ ಇವೆಲ್ಲ ಗಟ್ಟಿಯಾಗಿಯೂ ಬಾಗುವಂತೆಯೂ ಇರುವುದು ಇದರಿಂದಲೇ. ಇದರ ರಚನೆಯನ್ನು ಅರಿಯಲು ತೆಂಗಿನ ನಾರಿನ ಹಗ್ಗವನ್ನು ನೆನಪಿಸಿಕೊಂಡರೆ ಸಾಕು. ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡು ಒಂದು ಹುರಿಯಾಗುತ್ತವೆ. ಪ್ರತಿ ಎಳೆಯಲ್ಲಿ ಸುಮಾರು 1,000 ಅಮೈನೋ ಆಮ್ಲಗಳು ಸಾಲಾಗಿ ಕೂಡಿಕೊಂಡಿರುತ್ತವೆ, ಮತ್ತು ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಇರುತ್ತದೆ. ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ.

ಈ ಮೂರೆಳೆಯ ರಚನೆಯನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಭಾರತೀಯರೇ ಪ್ರಮುಖರು. ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು 1954ರಲ್ಲಿ ಇದನ್ನು ಪ್ರಕಟಿಸಿದರು. ಶುದ್ಧ ಕಾಲಜನ್‌ಗಾಗಿ ಅವರು ಹುಡುಕಾಡಿದಾಗ ನೆರೆಯಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ದೊರಕಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜು. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅಲ್ಲಿಗೇ ಮರಳಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಚರ್ಮ ಹದಮಾಡುವ ಸಂಸ್ಥೆಯೊಂದರ ಕಪಾಟಿನಿಂದ ಇಂತಹ ಸಂಶೋಧನೆಗೆ ಸಾಮಗ್ರಿ ದೊರೆಯಿತೆಂಬುದು ಆಕಸ್ಮಿಕವಲ್ಲ. ಚರ್ಮೋದ್ಯಮವೆಂದರೆ ಮೂಲತಃ ಕಾಲಜನ್ ಉದ್ಯಮವೇ.

ಹುರಿಯನ್ನು ಬಿಗಿಯಾಗಿ ಹಿಡಿದಿಡುವಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲದ ಪಾತ್ರ ದೊಡ್ಡದು. ದನ, ಹಂದಿಗಳ ಕಾಲಜನ್‌ನಲ್ಲಿ ಅದು ಹೆಚ್ಚು, ಮೀನಿನಲ್ಲಿ ಕಡಿಮೆ, ಶೀತಸಮುದ್ರದ ಮೀನಿನಲ್ಲಿ ಇನ್ನೂ ಕಡಿಮೆ. ಈ ಸಣ್ಣ ವ್ಯತ್ಯಾಸವೇ ಮುಂದಿನ ಎಲ್ಲ ಲೆಕ್ಕಕ್ಕೂ ಮೂಲ.

ತಂಪು ಏಕೆ ಬೇಕು

ದ್ರಾವಣದಲ್ಲಿರುವ ಕಾಲಜನ್ ಒಂದು ನಿರ್ದಿಷ್ಟ ಉಷ್ಣತೆಯನ್ನು ದಾಟಿದೊಡನೆ ಅದರ ಹುರಿ ಬಿಚ್ಚಿಕೊಂಡು ಮೂರು ಎಳೆಗಳೂ ಬೇರೆಯಾಗುತ್ತವೆ. ದನದ ಚರ್ಮದ ಕಾಲಜನ್‌ಗೆ ಈ ಮಿತಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಉತ್ತರ ಅಟ್ಲಾಂಟಿಕ್‌ನ ಕಾಡ್ ಮೀನಿನದಕ್ಕೆ 15 ಡಿಗ್ರಿಯ ಆಸುಪಾಸು. ನಮ್ಮ ಸಮುದ್ರದಂತಹ ಉಷ್ಣವಲಯದ ಮೀನುಗಳದಕ್ಕೆ ಜಾತಿಯನ್ನು ಅನುಸರಿಸಿ ಸುಮಾರು 28ರಿಂದ 33 ಡಿಗ್ರಿ. ಮೀನು ಬದುಕಿದ ನೀರಿನ ಬಿಸಿಗೆ ತಕ್ಕಂತೆ ಅದರ ಚರ್ಮದ ಹುರಿಯೂ ಹೊಸೆದಿರುತ್ತದೆ.

ಉಷ್ಣವಲಯದ ಮೀನಿನ ಕಾಲಜನ್ ಶೀತಸಮುದ್ರದ್ದಕ್ಕಿಂತ ಗಟ್ಟಿ ಎಂಬುದು ನಮಗೆ ಅನುಕೂಲವೆಂದು ತೋರಬಹುದು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕರಾವಳಿಯ ಶೀಟಿನ ಮಾಡಿನ ಕೋಣೆಯೊಂದರ ಉಷ್ಣತೆ 33 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅಂದರೆ ತಂಪಿನ ವ್ಯವಸ್ಥೆಯಿಲ್ಲದ ಶೆಡ್ಡಿನಲ್ಲಿ ಇಟ್ಟ ಕಾಲಜನ್ ದ್ರಾವಣವು ಯಾರೂ ಮುಟ್ಟದೆಯೇ ಜೆಲಾಟಿನ್ ಆಗಿಬಿಡುತ್ತದೆ. ಹುರಿ ಬಿಚ್ಚಿದ ಕಾಲಜನ್‌ಗೇ ಜೆಲಾಟಿನ್ ಎಂದು ಹೆಸರು. ಅದೂ ಉಪಯುಕ್ತ ವಸ್ತುವೇ, ಆದರೆ ಬೇರೆ ವಸ್ತು, ಬೇರೆ ಬೆಲೆ.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ಗೊಂದಲವನ್ನು ನಿವಾರಿಸಬೇಕು. ಚರ್ಮವು ಇಡಿಯಾಗಿರುವಾಗ ಅದರೊಳಗಿನ ಕಾಲಜನ್ ಎಳೆಗಳು ಒಂದಕ್ಕೊಂದು ಗಂಟು ಹಾಕಿಕೊಂಡಿರುವುದರಿಂದ ಇನ್ನೂ ಹೆಚ್ಚಿನ ಬಿಸಿಯನ್ನು ತಾಳುತ್ತವೆ. ಹಾಗಾದರೆ ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಏಕೆ? ಅಲ್ಲಿ ಶತ್ರು ಬಿಸಿಯಲ್ಲ, ಸೂಕ್ಷ್ಮಾಣುಗಳು ಮತ್ತು ಮೀನಿನ ಕರುಳಿನ ಕಿಣ್ವಗಳು. ಕರುಳಿನ ರಸ ಸೋಕಿದ ಚರ್ಮ ಕೆಲವೇ ಗಂಟೆಗಳಲ್ಲಿ ಲೋಳೆಯಾಗತೊಡಗುತ್ತದೆ. ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ. ಹೀಗೆ ಕೊಳೆಯದಿರಲು ಒಂದು ತಂಪು, ಹುರಿ ಬಿಚ್ಚದಿರಲು ಇನ್ನೊಂದು ತಂಪು. ಮೊದಲನೆಯದು ಮಂಜುಗಡ್ಡೆಯಿಂದ ಸಾಧ್ಯ, ಅದು ಪ್ರತಿ ಮೀನುಗಾರಿಕಾ ಬಂದರಿನಲ್ಲಿಯೂ ಸಿಗುತ್ತದೆ. ಎರಡನೆಯದಕ್ಕೆ ದಿನದ 24 ಗಂಟೆಯೂ 4 ಡಿಗ್ರಿಯಲ್ಲಿ ನಡೆಯುವ ಶೀತಲ ಕೋಣೆ ಬೇಕು. ಒಂದನ್ನು ಪಂಚಾಯತಿ ಮಾಡಬಲ್ಲದು. ಇನ್ನೊಂದರ ಬಗ್ಗೆ ವಿದ್ಯುತ್ ಬಿಲ್ಲು ಮಾತನಾಡಲಿ.

ತರಬೇತಿಯ ದಿನ ಈ ವಿಷಯವನ್ನು ಕಣ್ಣಾರೆ ತೋರಿಸಲು ಸರಳ ಪ್ರಯೋಗವೊಂದಿದೆ. ಮಾಂಸ ಮತ್ತು ಹುರುಪೆ ತೆಗೆದು ಚೆನ್ನಾಗಿ ತೊಳೆದ 100 ಗ್ರಾಂ ಮೀನಿನ ಚರ್ಮವನ್ನು ಸಣ್ಣದಾಗಿ ಕತ್ತರಿಸುವುದು. ಅಡುಗೆಯ ವಿನೆಗರ್ ಒಂದು ಪಾಲು, ತಣ್ಣೀರು ಒಂಬತ್ತು ಪಾಲು ಬೆರೆಸಿ ಅದರಲ್ಲಿ ಮೂರು ಗಂಟೆ ಫ್ರಿಜ್ಜಿನಲ್ಲಿ ನೆನೆಸುವುದು. ಚರ್ಮ ಉಬ್ಬಿ ಬೆಳ್ಳಗಾಗುತ್ತದೆ. ಅದನ್ನು ತೊಳೆದು, ಸುಮಾರು 60 ಡಿಗ್ರಿಯ 200 ಮಿಲಿಲೀಟರ್ ನೀರಿನೊಡನೆ ಫ್ಲಾಸ್ಕಿನಲ್ಲಿ ನಾಲ್ಕು ಗಂಟೆ ಮುಚ್ಚಿಡುವುದು. ಸೋಸಿದ ನೀರನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಅದು ನಡುಗುವ ಗಟ್ಟಿ ಪದಾರ್ಥವಾಗಿರುತ್ತದೆ. ಮೇಜಿನ ಮೇಲಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ನೀರಾಗುತ್ತದೆ. ಇದು ಮೀನಿನ ಜೆಲಾಟಿನ್. ಹಿಂದಿನ ದಿನದ ಮೀನುಸಾರು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟುವುದನ್ನು ಎಲ್ಲ ಮನೆಯಲ್ಲಿಯೂ ಕಂಡಿರುತ್ತಾರೆ. ಆದರೆ ಅದನ್ನೇ ಉದಾಹರಣೆಯಾಗಿ ಕೊಡುವುದು ಬೇಡ, ಏಕೆಂದರೆ ಅಲ್ಲಿ ಹೆಪ್ಪುಗಟ್ಟುವುದರಲ್ಲಿ ತೆಂಗಿನಕಾಯಿಯ ಎಣ್ಣೆಯ ಪಾಲೂ ಇರುತ್ತದೆ. ಈ ಪ್ರಯೋಗದ ಪದಾರ್ಥವನ್ನು ಯಾರೂ ಸೇವಿಸತಕ್ಕದ್ದಲ್ಲ.

ಪ್ರಯೋಗಾಲಯದಲ್ಲಿ ನಡೆಯುವುದು

ಹುರಿ ಬಿಚ್ಚದ ಕಾಲಜನ್ ಅನ್ನು ತೆಗೆಯುವ ವಿಧಾನವು ಬಹುತೇಕ ಎಲ್ಲ ಪ್ರಯೋಗಾಲಯಗಳಲ್ಲಿಯೂ ಒಂದೇ ಹಾದಿಯಲ್ಲಿ ಸಾಗುತ್ತದೆ, ಪ್ರಮಾಣಗಳು ಮಾತ್ರ ಮೀನಿನ ಜಾತಿಗೆ ಅನುಗುಣವಾಗಿ ಬದಲಾಗುತ್ತವೆ.

ಮೊದಲಿಗೆ ಚರ್ಮವನ್ನು ಅರ್ಧ ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ತೂಕದ ಹತ್ತು ಪಟ್ಟು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಆರು ಗಂಟೆ ನೆನೆಸುತ್ತಾರೆ. ಪ್ರತಿ ಎರಡು ಗಂಟೆಗೊಮ್ಮೆ ದ್ರಾವಣವನ್ನು ಬದಲಿಸುತ್ತಾರೆ. ಒಂದು ಲೀಟರ್ ನೀರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ಇದರಿಂದ ಕಾಲಜನ್ ಅಲ್ಲದ ಪ್ರೋಟೀನುಗಳೂ ಬಣ್ಣವೂ ಕರಗಿ ಹೋಗುತ್ತವೆ, ಕಾಲಜನ್ ಹಾಗೆಯೇ ಉಳಿಯುತ್ತದೆ. ಬಳಿಕ ಕ್ಷಾರದ ಅಂಶ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆಯಬೇಕು. ಕೊಬ್ಬಿನ ಚರ್ಮವಾದರೆ ಬ್ಯುಟೈಲ್ ಆಲ್ಕೋಹಾಲಿನಲ್ಲಿ ಒಂದೆರಡು ದಿನ ನೆನೆಸಿ ಕೊಬ್ಬು ತೆಗೆಯುತ್ತಾರೆ. ಇದು ಬೇಗ ಹೊತ್ತಿಕೊಳ್ಳುವ, ಘಾಟಿನ ದ್ರಾವಕ.

ಆಮೇಲಿನದು ಮುಖ್ಯ ಹಂತ. ಲೀಟರಿಗೆ 30 ಗ್ರಾಂ ಅಸಿಟಿಕ್ ಆಮ್ಲವಿರುವ ದ್ರಾವಣವನ್ನು ಚರ್ಮದ ತೂಕದ ಸುಮಾರು ಮೂವತ್ತು ಪಟ್ಟು ಹಾಕಿ ಎರಡು ಮೂರು ದಿನ ನಿಧಾನವಾಗಿ ಕಲಕುತ್ತಾರೆ. ಇದು ಅಡುಗೆಯ ವಿನೆಗರ್‌ಗಿಂತಲೂ ಸೌಮ್ಯವಾದ ಹುಳಿ. ಚರ್ಮ ಉಬ್ಬಿ, ಎಳೆಗಳು ಸಡಿಲಗೊಂಡು, ಕಾಲಜನ್ ದ್ರಾವಣಕ್ಕೆ ಇಳಿಯುತ್ತದೆ. ಬಟ್ಟೆಯಲ್ಲಿ ಸೋಸಿದ ದಪ್ಪ ದ್ರಾವಣಕ್ಕೆ ಲೀಟರಿಗೆ ಸುಮಾರು 150 ಗ್ರಾಂನಂತೆ ಶುದ್ಧ ಉಪ್ಪನ್ನು ಬೆರೆಸಿದಾಗ ಕಾಲಜನ್ ಬಿಳಿ ಎಳೆಗಳಾಗಿ ಒಡೆದು ಬರುತ್ತದೆ. ಅದನ್ನು ವೇಗವಾಗಿ ಗಿರಕಿ ಹೊಡೆಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಬೇರ್ಪಡಿಸಿ, ಮತ್ತೆ ಸ್ವಲ್ಪ ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮರಂಧ್ರದ ಪೊರೆಯ ಚೀಲದಲ್ಲಿಟ್ಟು ಉಪ್ಪನ್ನು ಹೊರಹಾಕಿ, ಕೊನೆಗೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುತ್ತಾರೆ. ದೊರೆಯುವುದು ಹತ್ತಿಯಂತಹ ಹಗುರ ಬಿಳಿ ಪದಾರ್ಥ. ಆಮ್ಲಕ್ಕೆ ಕರಗದೆ ಉಳಿದ ಚರ್ಮಕ್ಕೆ ಪೆಪ್ಸಿನ್ ಎಂಬ ಕಿಣ್ವ ಹಾಕಿ ಇನ್ನಷ್ಟು ತೆಗೆಯುವುದುಂಟು. ಮಾರುಕಟ್ಟೆಯಲ್ಲಿ ಸಿಗುವ ಪೆಪ್ಸಿನ್ ಸಾಮಾನ್ಯವಾಗಿ ಹಂದಿಯ ಜಠರದಿಂದ ಬಂದದ್ದು. ದನ, ಹಂದಿಯ ಸಂಪರ್ಕವಿಲ್ಲದ್ದು ಎಂಬುದೇ ಮೀನಿನ ಕಾಲಜನ್‌ಗಿರುವ ದೊಡ್ಡ ಬೇಡಿಕೆಯ ಕಾರಣವಾಗಿರುವಾಗ ಈ ಅಂಶವನ್ನು ಕೊಳ್ಳುವವರಿಂದ ಮರೆಮಾಚುವುದು ಸಲ್ಲದು.

ಈ ಎಲ್ಲ ಹಂತಗಳೂ 4 ಡಿಗ್ರಿಯಲ್ಲಿಯೇ ನಡೆಯಬೇಕು.

ಇಪ್ಪತ್ತು ಕಿಲೋ ಚರ್ಮದ ಲೆಕ್ಕ

ಒಂದು ಮಾರುಕಟ್ಟೆಯಿಂದ ದಿನಕ್ಕೆ 20 ಕಿಲೋಗ್ರಾಂ ಹಸಿ ಚರ್ಮ ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. ಹಸಿ ಚರ್ಮದಲ್ಲಿ ಆರೇಳು ಪಾಲು ನೀರೇ ಇರುತ್ತದೆ. ಆಮ್ಲದ ವಿಧಾನದಲ್ಲಿ ಕಿಲೋ ಹಸಿ ಚರ್ಮಕ್ಕೆ 50ರಿಂದ 100 ಗ್ರಾಂ ಒಣ ಕಾಲಜನ್ ಬಂದರೆ ಅದು ಒಳ್ಳೆಯ ಇಳುವರಿ. ಅಂದರೆ ದಿನಕ್ಕೆ ಒಂದರಿಂದ ಎರಡು ಕಿಲೋ.

ಇದಕ್ಕೆ ಬೇಕಾದದ್ದನ್ನು ಮೇಲಿನ ಪ್ರಮಾಣಗಳಿಂದಲೇ ಲೆಕ್ಕ ಹಾಕಬಹುದು. ಕಾಸ್ಟಿಕ್ ದ್ರಾವಣ ಮೂರು ಬಾರಿಗೆ 600 ಲೀಟರ್, ತೊಳೆಯಲು ಕನಿಷ್ಠ ಇನ್ನೊಂದು 600 ಲೀಟರ್, ಆಮ್ಲದ ದ್ರಾವಣ 600 ಲೀಟರ್. ಒಟ್ಟು 1,800 ಲೀಟರ್ ತಣ್ಣಗಿನ ಶುದ್ಧ ನೀರು. ಕಾಸ್ಟಿಕ್ ಸೋಡಾ 2.4 ಕಿಲೋ, ಅಸಿಟಿಕ್ ಆಮ್ಲ 18 ಕಿಲೋ, ಉಪ್ಪು ಸುಮಾರು 90 ಕಿಲೋ. ಎರಡು ಕಿಲೋ ಪದಾರ್ಥಕ್ಕೆ ತೊಂಬತ್ತು ಕಿಲೋ ಉಪ್ಪು!

ಖರ್ಚಿಗಿಂತ ದೊಡ್ಡ ಪ್ರಶ್ನೆ ಬೇರೆಯಿದೆ. ಆ ಉಪ್ಪು, ಆ ಹುಳಿ, ಕರಗಿದ ಪ್ರೋಟೀನು, ಕೊಬ್ಬು ಎಲ್ಲವೂ ದಿನವೂ ಸಂಜೆ ಘಟಕದ ಹಿಂಬದಿಯಿಂದ ಹೊರಗೆ ಹರಿಯುತ್ತವೆ. ಕರಾವಳಿಯ ಬಹಳಷ್ಟು ಗ್ರಾಮಗಳಲ್ಲಿ ಬೇಸಿಗೆಯಲ್ಲಿ ಬಾವಿಯ ನೀರು ಈಗಾಗಲೇ ಉಪ್ಪಾಗುತ್ತಿದೆ. ಮರಳು ಮಿಶ್ರಿತ ನೆಲದಲ್ಲಿ ಇಂಗುಗುಂಡಿಗೆ ಬಿಟ್ಟ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಹೊಳೆಯ ದಂಡೆಯ ದುರ್ವಾಸನೆಯನ್ನು ನಿವಾರಿಸಲು ಹೊರಟ ಯೋಜನೆಯು ನೆರೆಯ ಹತ್ತು ಮನೆಗಳ ಬಾವಿಯನ್ನು ಕೆಡಿಸಿದರೆ ಅದನ್ನು ತ್ಯಾಜ್ಯ ನಿರ್ವಹಣೆ ಎನ್ನಲಾಗದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ, ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪರವಾನಗಿಯೂ ಇಲ್ಲದೆ ಇಂತಹ ಘಟಕದ ಪ್ರಸ್ತಾವನೆಯನ್ನು ಸಾಮಾನ್ಯ ಸಭೆಯ ಮುಂದೆ ತರುವುದು ಸರಿಯಲ್ಲ.

ಇದಕ್ಕೆ ಸಾಮಗ್ರಿಯ ಕೊರತೆಯೂ ಸೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ನಾಡದೋಣಿಯ ಮೀನು, ಸಿಹಿನೀರಿನ ಮೀನು ಬಿಟ್ಟರೆ ಚರ್ಮವಿಲ್ಲ. ಶೀತಲ ಕೋಣೆ ಮತ್ತು ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಕಾರ್ಖಾನೆಗಳ ಹಾದಿ

ಅಂಗಡಿಯಲ್ಲಿ ಡಬ್ಬಿಯಲ್ಲಿ ದೊರೆಯುವ ಕಾಲಜನ್ ಪುಡಿಯು ಬಹುಪಾಲು ಮೇಲೆ ವಿವರಿಸಿದ ಪದಾರ್ಥವೇ ಅಲ್ಲ. ಅದು ಕಾಲಜನ್ ಪೆಪ್ಟೈಡ್. ಕಾರ್ಖಾನೆಗಳು ಶುದ್ಧಗೊಳಿಸಿದ ಚರ್ಮವನ್ನು ಬಿಸಿನೀರಿನಲ್ಲಿ ಬೇಯಿಸಿ ಜೆಲಾಟಿನ್ ಮಾಡಿ, ಅದನ್ನು ಕಿಣ್ವಗಳಿಂದ ಇನ್ನೂ ಸಣ್ಣ ತುಂಡುಗಳಾಗಿಸಿ, ಪೊರೆಗಳಲ್ಲಿ ಸೋಸಿ, ತುಂತುರಾಗಿ ಸಿಂಪಡಿಸಿ ಒಣಗಿಸುತ್ತವೆ. ಮಾಂಸ ಮೆದುವಾಗಲು ಪಪ್ಪಾಯಿಯ ಕಾಯಿಯನ್ನು ಹಾಕುತ್ತಾರಲ್ಲ, ಅದರಲ್ಲಿರುವ ಪಪೈನ್ ಸಹ ಇಂತಹ ಕಿಣ್ವಗಳಲ್ಲೊಂದು. ಈ ಹಾದಿಯಲ್ಲಿ ಹುರಿಯನ್ನು ಉಳಿಸುವ ಚಿಂತೆಯಿಲ್ಲ, ಆದ್ದರಿಂದ ಶೀತಲ ಕೋಣೆಯ ಹಂಗೂ ಉಪ್ಪಿನ ರಾಶಿಯೂ ಇಲ್ಲ. ಆದರೆ ಪೊರೆಸೋಸುವಿಕೆ, ಒಣಗಿಸುವಿಕೆಗಳ ಯಂತ್ರಗಳು ಟನ್ನುಗಟ್ಟಲೆ ಸಾಮಗ್ರಿ ಇದ್ದರೆ ಮಾತ್ರ ಲಾಭಕ್ಕೆ ಬರುತ್ತವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಮೀನಿನ ತ್ಯಾಜ್ಯದಿಂದ ಇಂತಹ ಉತ್ಪನ್ನಗಳನ್ನು ಮಾಡುವ ಬಗ್ಗೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವೂ ಹತ್ತಿರದಲ್ಲೇ ಇದೆ. ಯಂತ್ರ ಮಾರುವವರ ಕೈಪಿಡಿಗಿಂತ ಮೊದಲು ಈ ಎರಡು ಕಡೆ ವಿಚಾರಿಸುವುದು ಒಳ್ಳೆಯದು.

ಪೆಪ್ಟೈಡಿನ ಗುಣಗಾನದ ವಿಚಾರದಲ್ಲಿಯೂ ಸಂಯಮ ಬೇಕು. ಕಾಲಜನ್ ಪೂರ್ಣ ಪ್ರೋಟೀನಲ್ಲ, ಟ್ರಿಪ್ಟೋಫಾನ್ ಎಂಬ ಅವಶ್ಯಕ ಅಮೈನೋ ಆಮ್ಲ ಅದರಲ್ಲಿಲ್ಲ. ಮೀನಿನ ಅಲರ್ಜಿಯುಳ್ಳವರಿಗೆ ಅಪಾಯಕಾರಿಯೂ ಆಗಬಹುದು. ಬ್ರೆಜಿಲಿನ ಫೋರ್ಟಲೇಜಾ ನಗರದ ವೈದ್ಯರು ತಿಲಾಪಿಯಾ ಮೀನಿನ ಚರ್ಮವನ್ನೇ ಸುಟ್ಟಗಾಯಕ್ಕೆ ಹೊದಿಕೆಯಾಗಿ ಬಳಸಿದ್ದನ್ನು, ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ಚರ್ಮದಿಂದ ಗಾಯದ ಪಟ್ಟಿಗಳನ್ನು ತಯಾರಿಸುತ್ತಿರುವುದನ್ನು ಹಲವರು ಓದಿರುತ್ತಾರೆ. ಅವು ನಿಜ. ಆದರೆ ಅಲ್ಲಿ ಬಳಸುವುದು ಆಸ್ಪತ್ರೆಯ ಮಟ್ಟದಲ್ಲಿ ಕ್ರಿಮಿರಹಿತಗೊಳಿಸಿದ ಚರ್ಮ. ಮಾರುಕಟ್ಟೆಯ ಚರ್ಮವನ್ನು ಗಾಯಕ್ಕೆ ಹಚ್ಚಿದರೆ ಕೀವು ಖಚಿತ. ತರಬೇತಿಗಳಲ್ಲಿ ಈ ಉದಾಹರಣೆ ಕೊಡುವವರು ಈ ಎಚ್ಚರಿಕೆಯನ್ನೂ ಕೂಡಲೇ ಹೇಳತಕ್ಕದ್ದು.

ಕತ್ತರಿಸುವ ಕಟ್ಟೆಯಲ್ಲಿ

ಹಾಗಾದರೆ ಗ್ರಾಮ ಪಂಚಾಯತಿಗೆ ಇದರಲ್ಲಿ ಪಾತ್ರವೇ ಇಲ್ಲವೇ? ಇದೆ, ಮತ್ತು ಅದು ಕಾರ್ಖಾನೆ ಮಾಡಲಾಗದ ಕೆಲಸ. ಚರ್ಮದ ಬೆಲೆ ನಿರ್ಧಾರವಾಗುವುದು ರಸಾಯನಶಾಲೆಯಲ್ಲಲ್ಲ, ಮೀನು ಕತ್ತರಿಸುವ ಕಟ್ಟೆಯ ಮೇಲೆ, ಮೊದಲ ಒಂದೆರಡು ಗಂಟೆಗಳಲ್ಲಿ. ಕರುಳು, ರಕ್ತ, ತಲೆಗಳೊಡನೆ ಒಂದೇ ಬುಟ್ಟಿಗೆ ಬಿದ್ದ ಚರ್ಮ ಕಸ. ಬೇರೆ ಡಬ್ಬಿಯಲ್ಲಿ ಮಂಜುಗಡ್ಡೆಯ ಮೇಲೆ ಬಿದ್ದ ಅದೇ ಚರ್ಮ ಕಚ್ಚಾವಸ್ತು.

ಎಲ್ಲ ಮೀನಿನ ಚರ್ಮವೂ ಬೇರೆಯಾಗಿ ಸಿಗುವುದಿಲ್ಲ ಎಂಬುದನ್ನು ಕಟ್ಟೆಯ ಮಹಿಳೆಯರೇ ಚೆನ್ನಾಗಿ ಬಲ್ಲರು. ಬಂಗುಡೆ, ಬೂತಾಯಿಗಳ ಚರ್ಮ ಸುಲಿಯುವ ರೂಢಿಯಿಲ್ಲ. ಸುಲಿದರೂ ಅದರಲ್ಲಿ ಎಣ್ಣೆಯೇ ಹೆಚ್ಚು. ಅಂಜಲ್ ಚರ್ಮಸಹಿತ ಹೋಳಾಗಿ ಮನೆಗೆ ಹೋಗುತ್ತದೆ. ನಂಗ್ ಮೀನಿನ ಕಪ್ಪು ಚರ್ಮವನ್ನು ಒಂದೇ ಎಳೆತಕ್ಕೆ ಕಿತ್ತು ಎಸೆಯುತ್ತಾರೆ. ತೊರಕೆಯ ಚರ್ಮವನ್ನೂ ಸುಲಿಯುತ್ತಾರೆ. ಕೆಲವು ಋತುಗಳಲ್ಲಿ ಬಲೆ ತುಂಬ ಬರುವ ಕಾರ್ಗಿಲ್ ಮೀನಿನ ಚರ್ಮ ತೊಗಲಿನಂತೆ ಗಟ್ಟಿ. ಸುರಿಮಿ ಘಟಕಗಳಲ್ಲಿ ರಾಣಿ ಮೀನಿನ ಮಾಂಸ ತೆಗೆದ ನಂತರ ಚರ್ಮ, ಹುರುಪೆ, ಮುಳ್ಳು ಒಟ್ಟಾಗಿ ಹೊರಬರುತ್ತವೆ. ಅದರಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಅದಕ್ಕೆ ಬೇರೆ ಆಮ್ಲಸಂಸ್ಕಾರ ಬೇಕಾಗುತ್ತದೆ. ಆದ್ದರಿಂದ ಜಾತಿವಾರು ಬೇರೆ ಬೇರೆ ಡಬ್ಬಿ ಇಡುವುದು ಉತ್ತಮ. ಗರಗಸ ಮೀನು ಮೊದಲಾದ, ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತವಾದ ತೊರಕೆ ಮತ್ತು ಶಾರ್ಕ್ ಬಂಧುಗಳ ಚರ್ಮವನ್ನು ಯಾವ ಕಾರಣಕ್ಕೂ ಸಂಗ್ರಹಿಸತಕ್ಕದ್ದಲ್ಲ.

ಸಂಗ್ರಹಣೆಗೆ ಬೇಕಾದದ್ದು ಅಲ್ಪವೇ. ಮುಚ್ಚಳವುಳ್ಳ ಶಾಖನಿರೋಧಕ ಪೆಟ್ಟಿಗೆ, ಚರ್ಮದ ತೂಕದಷ್ಟೇ ಪುಡಿ ಮಂಜುಗಡ್ಡೆ, ಕರಗಿದ ನೀರು ಬಸಿದು ಹೋಗಲು ಕೆಳಗೊಂದು ತೂತು, ಮತ್ತು ಚರ್ಮಕ್ಕೆ ಅಂಟಿದ ಮಾಂಸ ಕೆರೆಯಲು ಮೊಂಡು ಚೂರಿ. ಮಂಜುಗಡ್ಡೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಕಾದರೆ ಮೈನಸ್ 18 ಡಿಗ್ರಿಯ ಫ್ರೀಜರ್ ಬೇಕು. ಮಾರುಕಟ್ಟೆಯ ಸ್ವಚ್ಛತೆಗೆ ಬಳಸುವ ಫಿನಾಯಿಲ್, ಬ್ಲೀಚಿಂಗ್ ಪೌಡರ್ ಚರ್ಮಕ್ಕೆ ತಾಗಿದರೆ ಆ ದಿನದ ಸಂಗ್ರಹ ವ್ಯರ್ಥ. ಫಾರ್ಮಲಿನ್ ಹಾಕಿದ ಮೀನಿನ ಚರ್ಮವಂತೂ ಆರೋಗ್ಯಕ್ಕೆ ಹಾನಿಕರವಷ್ಟೇ ಅಲ್ಲ, ಕಾಲಜನ್‌ಗೂ ನಿರುಪಯೋಗಿ. ಫಾರ್ಮಲಿನ್ ಆ ಎಳೆಗಳನ್ನು ಶಾಶ್ವತವಾಗಿ ಗಂಟುಹಾಕಿಬಿಡುತ್ತದೆ, ಮತ್ತೆ ಯಾವ ಹುಳಿಗೂ ಕರಗುವುದಿಲ್ಲ.

ಚರ್ಮ ಯಾರದು?

ತಾಂತ್ರಿಕ ವಿವರಗಳಿಗಿಂತ ಕಷ್ಟದ ಪ್ರಶ್ನೆ ಇದು. ಬೆಲೆಯಿಲ್ಲದಿರುವಾಗ ಯಾರೂ ಕೇಳದ ವಸ್ತುವಿಗೆ ಬೆಲೆ ಬಂದೊಡನೆ ಹಕ್ಕುದಾರರು ಹುಟ್ಟುತ್ತಾರೆ. ಮೀನು ಕೊಂಡ ಗ್ರಾಹಕ ಚರ್ಮವನ್ನು ಬಿಟ್ಟುಹೋದ. ಕತ್ತರಿಸಿಕೊಟ್ಟವಳು ಕೂಲಿ ಮಾತ್ರ ಪಡೆದಳು. ಮಾರುಕಟ್ಟೆಯನ್ನು ಹರಾಜಿನಲ್ಲಿ ವಹಿಸಿಕೊಂಡವರು ಕಟ್ಟಡದೊಳಗಿನದೆಲ್ಲ ತಮ್ಮದೆನ್ನಬಹುದು. ಕಸ ಸಾಗಿಸುವ ಸಂಘ ತನ್ನ ಪಾಲು ಕೇಳಬಹುದು.

ಚರ್ಮವನ್ನು ಬೇರ್ಪಡಿಸುವ ಹೆಚ್ಚುವರಿ ಕೆಲಸ ಮಾಡುವವರು ಕತ್ತರಿಸುವ ಮಹಿಳೆಯರೇ. ಗಿರಾಕಿಗಳು ಸಾಲಾಗಿ ನಿಂತಿರುವಾಗ ಒಂದೊಂದು ಚರ್ಮವನ್ನೂ ಬೇರೆ ಡಬ್ಬಿಗೆ ಹಾಕುವುದಕ್ಕೆ ಕೈ ತಿರುಗಬೇಕು, ಸಮಯ ಹೋಗುತ್ತದೆ. ಅವರಿಗೆ ಕಿಲೋ ಲೆಕ್ಕದಲ್ಲಿ ಅಂದಂದೇ ಹಣ ದೊರೆಯದಿದ್ದರೆ ಮೂರನೆಯ ದಿನಕ್ಕೆ ಎಲ್ಲವೂ ಮತ್ತೆ ಒಂದೇ ಬುಟ್ಟಿಗೆ ಬೀಳುತ್ತದೆ. ಆಗ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದುದರಿಂದ ಮಾರುಕಟ್ಟೆಯ ಮುಂದಿನ ಹರಾಜಿನ ಷರತ್ತುಗಳಲ್ಲಿಯೇ, ಬೇರ್ಪಡಿಸಿದ ಚರ್ಮದ ಮೇಲಿನ ಹಕ್ಕು ಅದನ್ನು ಬೇರ್ಪಡಿಸಿದವರದ್ದು ಮತ್ತು ಗುತ್ತಿಗೆದಾರರು ಅದಕ್ಕೆ ಶುಲ್ಕ ವಸೂಲು ಮಾಡತಕ್ಕದ್ದಲ್ಲ ಎಂಬ ಒಂದು ಸಾಲನ್ನು ಸೇರಿಸುವುದು ನ್ಯಾಯವೂ ಹೌದು, ಯೋಜನೆ ಉಳಿಯುವ ದಾರಿಯೂ ಹೌದು. ಒಕ್ಕೂಟವು ಸಂಗ್ರಹಣೆ, ತೂಕ, ಮಂಜುಗಡ್ಡೆ, ಸಾಗಣೆಗಳ ವೆಚ್ಚವನ್ನು ಕಳೆದು ತನ್ನ ಪಾಲು ಪಡೆಯಬಹುದು. ಕೊಳ್ಳುವ ಸಂಸ್ಥೆಯೊಡನೆ ದರ, ಗುಣಮಟ್ಟ, ತಿರಸ್ಕಾರದ ಷರತ್ತು, ಹಣ ಪಾವತಿಯ ಅವಧಿಗಳನ್ನು ಬರೆದುಕೊಳ್ಳದೆ ಒಂದು ಪೆಟ್ಟಿಗೆಯನ್ನೂ ಖರೀದಿಸಬಾರದು.

ಕೊಳ್ಳುವವರು ದೊರೆಯದಿದ್ದರೆ

ದೊರೆಯದಿರುವ ಸಾಧ್ಯತೆ ಇದೆ. ಚರ್ಮವನ್ನು ಬಿಟ್ಟರೂ ತಲೆ, ಕರುಳು, ಮುಳ್ಳುಗಳ ದೊಡ್ಡ ರಾಶಿ ಉಳಿದೇ ಉಳಿಯುತ್ತದೆ; ತೂಕದಲ್ಲಿ ಚರ್ಮವು ಆ ರಾಶಿಯ ಚಿಕ್ಕ ಪಾಲು ಮಾತ್ರ. ದುರ್ವಾಸನೆಯ ದೂರು ನಿಲ್ಲಬೇಕಾದರೆ ಆ ರಾಶಿಗೂ ದಾರಿ ಬೇಕು. ಹೆಚ್ಚು ಪ್ರಮಾಣವಿರುವ ಬಂದರು ಪ್ರದೇಶಗಳಲ್ಲಿ ಮೀನಿನ ಹಿಟ್ಟು ಮತ್ತು ಎಣ್ಣೆಯ ಘಟಕಗಳು ಅದನ್ನು ಕೊಳ್ಳುತ್ತವೆ. ಒಳನಾಡಿನ ಸಣ್ಣ ಮಾರುಕಟ್ಟೆಗಳಿಗೆ ಸೈಲೇಜ್ ವಿಧಾನ ಸೂಕ್ತ. ತ್ಯಾಜ್ಯವನ್ನು ನುಣ್ಣಗೆ ಅರೆದು, 100 ಕಿಲೋಗೆ ಸುಮಾರು 3 ಕಿಲೋದಂತೆ ಫಾರ್ಮಿಕ್ ಆಮ್ಲವನ್ನು ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ದಿನಕ್ಕೊಮ್ಮೆ ಕಲಕಿದರೆ, ಪಿಎಚ್ 4ಕ್ಕಿಂತ ಕೆಳಗಿರುವವರೆಗೆ ಕೊಳೆಯುವ ಸೂಕ್ಷ್ಮಾಣುಗಳು ಬೆಳೆಯುವುದಿಲ್ಲ. ಮೀನಿನದೇ ಕಿಣ್ವಗಳು ಅದನ್ನು ಒಂದು ವಾರದ ಸುಮಾರಿಗೆ ಗಂಜಿಯಂತೆ ದ್ರವವಾಗಿಸುತ್ತವೆ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವುದು ಇದೇ ಆಮ್ಲವನ್ನು, ಆದ್ದರಿಂದ ಘಟ್ಟದ ಬುಡದ ಬೆಳೆಗಾರರಿಗೆ ಅದರ ಬಳಕೆಯೂ ಅಪಾಯವೂ ತಿಳಿದಿದೆ. ಕೈಗವಸು, ಕನ್ನಡಕ ಕಡ್ಡಾಯ. ಹುಳಿ ಕಳೆದು ಪಶು, ಮತ್ಸ್ಯ ಆಹಾರಕ್ಕೆ ಬೆರೆಸಲು ಅಥವಾ ಸಾಕಷ್ಟು ನೀರು ಸೇರಿಸಿ ಗಿಡಗಳಿಗೆ ಹಾಕಲು ಈ ದ್ರವ ಬರುತ್ತದೆ. ಇದರಲ್ಲಿ ಕಾಲಜನ್‌ನ ಮೆರುಗಿಲ್ಲ, ಆದರೆ ಹೊರಗೆ ಹರಿಯುವ ಉಪ್ಪುನೀರೂ ಇಲ್ಲ.

ಮೂವತ್ತು ದಿನದ ದಾಖಲೆ

ಯಾವುದೇ ಪ್ರಸ್ತಾವನೆಗೆ ಮೊದಲು ಮಾರುಕಟ್ಟೆಯಲ್ಲಿ ಸತತ 30 ದಿನ ಒಂದು ಪುಸ್ತಕವನ್ನು ನಿರ್ವಹಿಸುವುದು. ದಿನಾಂಕ, ಬಂದ ಮೀನಿನ ಜಾತಿ, ಬೇರ್ಪಡಿಸಿದ ಚರ್ಮದ ತೂಕ, ಜಾತಿವಾರು, ಉಳಿದ ತ್ಯಾಜ್ಯದ ತೂಕ, ಬಳಸಿದ ಮಂಜುಗಡ್ಡೆಯ ತೂಕ ಮತ್ತು ಬೆಲೆ, ಪೆಟ್ಟಿಗೆಯೊಳಗಿನ ಉಷ್ಣತೆ, ಬೆಳಿಗ್ಗೆ 9ಕ್ಕೆ ಒಮ್ಮೆ ಮತ್ತು ಮಧ್ಯಾಹ್ನ 1ಕ್ಕೆ ಒಮ್ಮೆ, ಕೆಟ್ಟು ಎಸೆದ ಚರ್ಮದ ತೂಕ, ಬೇರ್ಪಡಿಸಿದವರಿಗೆ ಕೊಟ್ಟ ಹಣ ಮತ್ತು ಅವರ ಸಹಿ. ಭಾನುವಾರ, ಹಬ್ಬ, ಮಂಗಳವಾರಗಳಲ್ಲಿ ತೂಕ ಹೇಗೆ ಏರಿಳಿಯುತ್ತದೆ ಎಂಬುದು ಇದರಲ್ಲಿಯೇ ಕಾಣುತ್ತದೆ. ತೂಕದ ಯಂತ್ರವನ್ನು ಕಟ್ಟೆಯ ಪಕ್ಕದಲ್ಲಿಯೇ ಇಡುವುದು, ಕಚೇರಿಯಲ್ಲಲ್ಲ. ಸಹಿಯ ಕಾಲಮ್ಮನ್ನು ತಿಂಗಳ ಕೊನೆಗೆ ಒಟ್ಟಿಗೆ ತುಂಬಿಸತಕ್ಕದ್ದಲ್ಲ.